ಸಣ್ಣ ಕಾಲೇಜು ಗೆದ್ದಾಗ ನಿಜವಾಗಿ ಗೆದ್ದವರು ಯಾರು?

ಅಮೆರಿಕದಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಎಲ್ಲೆಲ್ಲೂ ಕಾಲೇಜು ಬಾಸ್ಕೆಟ್‌ಬಾಲಿನದೇ ಮಾತು. 2022ರಲ್ಲಿ ಆ ಮಾತನ್ನೆಲ್ಲ ತನ್ನತ್ತ ಸೆಳೆದದ್ದು ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ ವಿಶ್ವವಿದ್ಯಾಲಯ. ಇದು 1872ರಲ್ಲಿ ಯೇಸುಸಭೆಯ ಗುರುಗಳು ಸ್ಥಾಪಿಸಿದ ಸಂಸ್ಥೆ. ಎಂಟು ವರ್ಷಗಳ ಬಳಿಕ, 1880ರಲ್ಲಿ, ಇದೇ ಸಭೆಯವರು ನಮ್ಮ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಸೇಂಟ್ ಪೀಟರ್ಸ್‌ನ ಗೆಲುವನ್ನು ಹೊಗಳಿದವರು ಬಹಳ. ಅದರ ಬಳಿಕ ನಡೆದುದನ್ನು ಗಮನಿಸಿದವರು ಕಡಿಮೆ. ನಮಗೆ ಹೆಚ್ಚು ಮುಖ್ಯವೆಂದು ತೋರುವುದು ಎರಡನೆಯದೇ.

ಇಪ್ಪತ್ತು ಪಂದ್ಯ, ಒಂದು ಬಾಗಿಲು

ಸೇಂಟ್ ಪೀಟರ್ಸ್ ಆಡುವುದು 'ಮೆಟ್ರೋ ಅಟ್ಲಾಂಟಿಕ್' ಎಂಬ ಪ್ರಾದೇಶಿಕ ಒಕ್ಕೂಟದಲ್ಲಿ. 2021-22ರ ಋತುವಿನಲ್ಲಿ ಅದರಲ್ಲಿದ್ದ 11 ಸಂಸ್ಥೆಗಳಲ್ಲಿ ಹಲವು ಕಥೋಲಿಕ ಮೂಲದವು. ಫೇರ್‌ಫೀಲ್ಡ್ ಮತ್ತು ಕನಿಶಿಯಸ್ ಯೇಸುಸಭೆಯವು, ಸಿಯೆನಾ ಫ್ರಾನ್ಸಿಸ್ಕನರದು, ನಯಾಗರ ವಿನ್ಸೆಂಶಿಯನರದು. ಪ್ರತಿ ತಂಡಕ್ಕೂ 20 ಲೀಗ್ ಪಂದ್ಯಗಳು. ಐಯೋನಾ ಕಾಲೇಜು 17 ಗೆದ್ದು ಮೊದಲ ಸ್ಥಾನ ಪಡೆಯಿತು. ಸೇಂಟ್ ಪೀಟರ್ಸ್ 14 ಗೆದ್ದು ಎರಡನೆಯದಾಯಿತು.

ಆದರೆ ಲೀಗಿನ ಅಗ್ರಸ್ಥಾನ ರಾಷ್ಟ್ರೀಯ ಪಂದ್ಯಾವಳಿಗೆ ಟಿಕೇಟು ಕೊಡುವುದಿಲ್ಲ. ಕೊನೆಗೆ ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುವ ನಾಕೌಟ್ ಪಂದ್ಯಗಳಲ್ಲಿ ಗೆದ್ದವರಿಗೇ ಆ ಟಿಕೇಟು. ಅಲ್ಲಿ ಐಯೋನಾ ಕ್ವಾರ್ಟರ್ ಫೈನಲಿನಲ್ಲಿ ರೈಡರ್ ತಂಡಕ್ಕೆ ಒಂದೇ ಅಂಕದಿಂದ ಸೋತಿತು. ಮಾರ್ಚ್ 12ರಂದು ಸೇಂಟ್ ಪೀಟರ್ಸ್ ಮಾನ್‌ಮತ್ ತಂಡವನ್ನು 60-54ರಿಂದ ಸೋಲಿಸಿ ಒಳಗೆ ಹೋಯಿತು. ಇಡೀ ಋತುವಿನ ದುಡಿಮೆ ಒಂದು ಸಂಜೆಯಲ್ಲಿ ವ್ಯರ್ಥವಾದದ್ದು ಅನ್ಯಾಯವಲ್ಲವೇ ಎಂದು ಕೇಳಬಹುದು. ಆದರೆ ಆ ವರ್ಷದ 68 ಸ್ಥಾನಗಳಲ್ಲಿ 36ನ್ನು ಸಮಿತಿಯೊಂದು ಆರಿಸಿತು, ಅವುಗಳಲ್ಲಿ ಹೆಚ್ಚಿನವು ದೊಡ್ಡ ಒಕ್ಕೂಟಗಳ ಪಾಲಾದವು. ಸಣ್ಣವರಿಗೆ ಖಚಿತವಾಗಿ ತೆರೆಯುವುದು ಈ ನಾಕೌಟಿನ ಬಾಗಿಲೊಂದೇ.

ಹತ್ತು ದಿನಗಳ ಬೆರಗು

15ನೇ ಶ್ರೇಯಾಂಕದ ಸೇಂಟ್ ಪೀಟರ್ಸ್ ಮಾರ್ಚ್ 17ರಂದು ಎರಡನೇ ಶ್ರೇಯಾಂಕದ ಕೆಂಟುಕಿಯನ್ನು ಓವರ್‌ಟೈಮಿನಲ್ಲಿ 85-79ರಿಂದ ಮಣಿಸಿತು. ಆಮೇಲೆ ಮರ್ರೆ ಸ್ಟೇಟ್ (70-60), ಆಮೇಲೆ ಪರ್ಡ್ಯೂ (67-64). ಅಷ್ಟು ಕೆಳಗಿನ ಶ್ರೇಯಾಂಕದ ತಂಡ ಕೊನೆಯ ಎಂಟರ ಘಟ್ಟ ತಲುಪಿದ್ದು ಅದೇ ಮೊದಲು. ಮಾರ್ಚ್ 27ರಂದು ನಾರ್ತ್ ಕ್ಯಾರೊಲಿನಾ 69-49ರಿಂದ ಗೆದ್ದು ಆ ಓಟಕ್ಕೆ ತಡೆ ಹಾಕಿತು.

ಅದಾಗಿ ವಾರ ತುಂಬುವ ಮೊದಲೇ ತರಬೇತುದಾರ ಶಹೀನ್ ಹಾಲೋವೇ ತಾವು ಕಲಿತ ಸೀಟನ್ ಹಾಲ್ ವಿಶ್ವವಿದ್ಯಾಲಯಕ್ಕೆ ಹೊರಟರು. ಅದೂ ಕಥೋಲಿಕ ಸಂಸ್ಥೆಯೇ, ನೆವಾರ್ಕ್ ಮಹಾಧರ್ಮಪ್ರಾಂತ್ಯದ್ದು. ಜೆರ್ಸಿ ಸಿಟಿಯೂ ಅದೇ ಮಹಾಧರ್ಮಪ್ರಾಂತ್ಯದೊಳಗಿದೆ. ಗೆಲುವು ತಂದ ಪ್ರಮುಖ ಆಟಗಾರರಲ್ಲಿ ಹೆಚ್ಚಿನವರೂ ಬೇರೆ ಬೇರೆ ಕಾಲೇಜುಗಳಿಗೆ ಹೋದರು. ಮರುವರ್ಷ ಒಕ್ಕೂಟದ ಪಟ್ಟ ಗೆದ್ದ ಐಯೋನಾಕ್ಕೂ ಹಾಗೆಯೇ ಆಯಿತು: ತರಬೇತುದಾರ ರಿಕ್ ಪಿಟಿನೋ ಸೇಂಟ್ ಜಾನ್ಸ್‌ಗೆ ಹೋದರು.

ದೂರುವುದು ಯಾರನ್ನು?

ಇದಕ್ಕೆ ಹುಡುಗರನ್ನು ದೂರುವುದು ನಮಗೆ ಸರಿ ಕಾಣುವುದಿಲ್ಲ. ಬಹುಕಾಲ ತರಬೇತುದಾರರು ಬೇಕೆಂದಾಗ ಕೆಲಸ ಬದಲಿಸಬಹುದಿತ್ತು. ಈ ಆಟದ ವಿದ್ಯಾರ್ಥಿ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಅದೇ ವರ್ಷ ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಲೂ ಅವರಿಗೆ ಅವಕಾಶ ದೊರೆಯಿತು. 2025ರ ನ್ಯಾಯಾಲಯದ ಒಪ್ಪಂದದ ಬಳಿಕ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಧರ್ಮಸಭೆಯ ಸಾಮಾಜಿಕ ಬೋಧನೆಗೆ ಹೊಸತಲ್ಲ.

ತೊಡಕಿರುವುದು ಬೇರೆಡೆ. ದೊಡ್ಡ ವಿಶ್ವವಿದ್ಯಾಲಯಗಳು ಆಟಗಾರರಿಗಾಗಿ ಕೋಟಿಗಟ್ಟಲೆ ಡಾಲರ್ ತೆಗೆದಿಡಬಲ್ಲವು. ಸೇಂಟ್ ಪೀಟರ್ಸ್‌ನಂಥವಕ್ಕೆ ಅದು ಆಗದ ಮಾತು. ಯಾರೂ ಕಣ್ಣೆತ್ತಿ ನೋಡದ ಹುಡುಗನನ್ನು ಸಣ್ಣ ಕಾಲೇಜು ಮೂರು ವರ್ಷ ತಿದ್ದಿ ತೀಡಿ ಬೆಳೆಸುತ್ತದೆ. ಫಸಲು ಕೈಗೆ ಬರುವಾಗ ಇನ್ನೊಬ್ಬರು ಕೊಯ್ಯುತ್ತಾರೆ. ಪಂದ್ಯಾವಳಿಯ ಗೆಲುವುಗಳಿಂದ ಬರುವ ಹಣವೂ ಮೊದಲು ಸೇರುವುದು ಒಕ್ಕೂಟವನ್ನು, ಅದೂ ಆರು ವರ್ಷಗಳ ಕಂತುಗಳಲ್ಲಿ.

ಹಾಗೆಂದು ಸಣ್ಣ ಕಾಲೇಜು ಆಟವನ್ನೇ ಬಿಡಬೇಕೇ? ಬೇಡವೆನ್ನುತ್ತೇವೆ. ಹೊಸ ತರಬೇತುದಾರ ಬಷೀರ್ ಮೇಸನ್ ಬೇರೆಯೇ ತಂಡ ಕಟ್ಟಿದರು. 2024ರಲ್ಲಿ ಸೇಂಟ್ ಪೀಟರ್ಸ್ ಫೈನಲಿನಲ್ಲಿ ಫೇರ್‌ಫೀಲ್ಡನ್ನು 68-63ರಿಂದ ಸೋಲಿಸಿ ಮತ್ತೆ ರಾಷ್ಟ್ರೀಯ ಪಂದ್ಯಾವಳಿಗೆ ಹೋಯಿತು. ಅಲ್ಲಿ ಮೊದಲ ಪಂದ್ಯದಲ್ಲೇ ಟೆನೆಸ್ಸಿಗೆ 83-49ರಿಂದ ಸೋತಿತು, ಸುದ್ದಿಯೂ ಆಗಲಿಲ್ಲ. ಆದರೂ ನಮ್ಮ ಲೆಕ್ಕದಲ್ಲಿ 2022ಕ್ಕಿಂತ ಇದೇ ಸಂಸ್ಥೆಯ ಗಟ್ಟಿತನಕ್ಕೆ ಸಾಕ್ಷಿ.

ಸೇಂಟ್ ಪೀಟರ್ಸ್‌ನಲ್ಲಿ ಕಲಿಯುವವರಲ್ಲಿ ಸ್ಪ್ಯಾನಿಷ್ ಭಾಷಿಕ ಮೂಲದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಬಹಳ. ತಂಡದಿಂದ ತಂಡಕ್ಕೆ ಹೋಗುವ ಆಟಗಾರನ ಓದು ನಡುದಾರಿಯಲ್ಲಿ ನಿಲ್ಲದೆ ಪದವಿ ಅವನ ಕೈಸೇರುವಂತೆ ನೋಡಿಕೊಳ್ಳುವುದು ಅವನನ್ನು ಕರೆದೊಯ್ದ ಸಂಸ್ಥೆಯ ಹೊಣೆ. ಕರೆದೊಯ್ಯುವುದೂ ಕಥೋಲಿಕ ಸಂಸ್ಥೆಯೇ ಆಗಿದ್ದಾಗ ಆ ಹೊಣೆ ಇಮ್ಮಡಿ. ಗೆಲುವಿನ ಪಟ್ಟಿಯ ಪಕ್ಕದಲ್ಲಿ ಪದವಿ ಪಡೆದವರ ಪಟ್ಟಿಯನ್ನೂ ಪ್ರತಿವರ್ಷ ಪ್ರಕಟಿಸಲಿ ಎಂಬುದು ನಮ್ಮ ಸಲಹೆ.