ಐಸ್ ಕ್ರೀಮಿಗೆ ತಕ್ಕ ಪಾತ್ರೆ ಯಾವುದು?

ಪಾತ್ರೆಯು ಪದಾರ್ಥದ ಗುಣವನ್ನು ಕಾಯಬಲ್ಲುದು, ಕೆಡಿಸಲೂ ಬಲ್ಲುದು ಎಂಬುದು ನಮ್ಮ ಅಡುಗೆಮನೆಗಳಿಗೆ ಹೊಸ ಮಾತಲ್ಲ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನು ಇಡಬಾರದೆಂಬುದನ್ನೂ, ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿಯೇ ಆಗಬೇಕೆಂಬುದನ್ನೂ ನಮ್ಮ ಹಿರಿಯರು ರಸಾಯನಶಾಸ್ತ್ರವನ್ನು ಓದದೆಯೇ ಅರಿತಿದ್ದರು. ಐಸ್ ಕ್ರೀಮಾದರೋ ನಮ್ಮಲ್ಲಿಗೆ ಈಚೆಗೆ ಬಂದ ತಿನಿಸು. ಅದರ ಪಾತ್ರೆಯ ವಿಷಯದಲ್ಲಿ ಅಜ್ಜಿಯರ ಅನುಭವ ನಮಗೆ ದೊರೆಯುವಂತಿಲ್ಲ. ಇಂದು ದೊಡ್ಡ ನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಪಟ್ಟಣಗಳಲ್ಲಿಯೂ ಐಸ್ ಕ್ರೀಮನ್ನು ತಯಾರಿಸುವ ಸಣ್ಣ ಉದ್ಯಮಿಗಳಿದ್ದಾರೆ. ಕಪ್ಪನ್ನೋ ಡಬ್ಬಿಯನ್ನೋ ಆರಿಸುವಾಗ ಅವರಲ್ಲಿ ಅನೇಕರು ನೋಡುವುದು ಎರಡನ್ನೇ: ಒಂದು ಬೆಲೆ, ಇನ್ನೊಂದು ಹೊರಮೈಯ ಬಣ್ಣದ ಚಿತ್ರ. ಇವೆರಡೂ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಇದು ಮೊದಲು ಶಾಖದ ಪ್ರಶ್ನೆ, ಆಮೇಲೆ ನೀರಾವಿಯ ಪ್ರಶ್ನೆ, ಚಿತ್ರದ ಪ್ರಶ್ನೆ ಕಡೆಯದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ಮೊದಲಿಗೆ ಐಸ್ ಕ್ರೀಮ್ ಎಂದರೇನು ಎಂಬುದನ್ನು ನೋಡೋಣ. ಅದು ಕೇವಲ ಹೆಪ್ಪುಗಟ್ಟಿದ ಹಾಲಲ್ಲ. ಗಾಳಿಯ ಗುಳ್ಳೆಗಳು, ಮಂಜಿನ ಹರಳುಗಳು, ಕೊಬ್ಬಿನ ಕಣಗಳು, ಇವೆಲ್ಲವನ್ನೂ ಹಿಡಿದಿರುವ ಹೆಪ್ಪುಗಟ್ಟದ ಸಕ್ಕರೆಯ ದ್ರಾವಣ - ಈ ನಾಲ್ಕು ಸೇರಿದ ವಿಚಿತ್ರ ರಚನೆ ಅದು. ಒಂದು ಲೀಟರ್ ಐಸ್ ಕ್ರೀಮಿನ ತೂಕ 525 ಗ್ರಾಮಿಗಿಂತ ಕಡಿಮೆಯಿರಬಾರದೆಂದು ನಮ್ಮ ದೇಶದ ಆಹಾರ ನಿಯಮಗಳು ವಿಧಿಸಿವೆ. ಒಂದು ಲೀಟರ್ ಹಾಲು ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚೇ ತೂಗುತ್ತದೆ. ಅಂದ ಮೇಲೆ ಡಬ್ಬಿಯ ಸುಮಾರು ಅರ್ಧ ಭಾಗ ಗಾಳಿಯೇ ಇರಬಹುದೆಂದಾಯಿತು! ಇದರಲ್ಲಿ ಮೋಸವೇನೂ ಇಲ್ಲ. ಆ ಗಾಳಿಯಿಲ್ಲದಿದ್ದರೆ ಐಸ್ ಕ್ರೀಮ್ ಚಮಚಕ್ಕೆ ಬಗ್ಗದ ಕಲ್ಲಾಗುತ್ತಿತ್ತು.

ಈ ರಚನೆಯ ನುಣುಪೆಲ್ಲ ಹರಳುಗಳ ಗಾತ್ರವನ್ನು ಅವಲಂಬಿಸಿದೆ. ಹರಳುಗಳು ಸುಮಾರು 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವನ್ನು ಮೀರಿದರೆ ನಾಲಿಗೆಗೆ ಮರಳಿನಂತೆ ತಗಲತೊಡಗುತ್ತವೆ. ಸಕ್ಕರೆ ಕರಗಿರುವ ಕಾರಣ -18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೂಡ ಒಳಗಿನ ನೀರೆಲ್ಲವೂ ಹೆಪ್ಪುಗಟ್ಟಿರುವುದಿಲ್ಲ. ಉಷ್ಣತೆ ನಾಲ್ಕಾರು ಡಿಗ್ರಿ ಏರಿದರೆ ಸಣ್ಣ ಹರಳುಗಳು ಕರಗಿಹೋಗುತ್ತವೆ. ಮತ್ತೆ ಇಳಿದಾಗ ಆ ನೀರು ಹೊಸ ಹರಳುಗಳಾಗುವುದಿಲ್ಲ. ಉಳಿದಿರುವ ದೊಡ್ಡ ಹರಳುಗಳನ್ನೇ ಸೇರಿ ಅವನ್ನು ಇನ್ನಷ್ಟು ಬೆಳೆಸುತ್ತದೆ. ಕಾರ್ಖಾನೆಯಿಂದ ಅಂಗಡಿಗೆ ಹೋಗುವ ಹಾದಿಯಲ್ಲಿ ಇಂಥ ಏರಿಳಿತ ಮೂರು ನಾಲ್ಕು ಸಲ ನಡೆದರೆ ಸಾಕು, ನುಣುಪು ಮತ್ತೆ ಬಾರದಂತೆ ಹೋಗುತ್ತದೆ. ಗಿರಾಕಿಯಾದರೋ ದಾರಿಯನ್ನು ದೂರುವುದಿಲ್ಲ, ತಯಾರಕನನ್ನು ದೂರುತ್ತಾನೆ. ಒಳ್ಳೆಯ ಹಾಲನ್ನು ಬಳಸಿ ಶ್ರಮಪಟ್ಟ ಸಣ್ಣ ಉದ್ಯಮಿಯ ಹೆಸರು ಹೀಗೆ ಅವನ ತಪ್ಪಿಲ್ಲದೆಯೇ ಕೆಡುತ್ತದೆ.

ಹಾಗಾದರೆ ಶಾಖವನ್ನು ಒಳಗೆ ಬಿಡದ ದಪ್ಪ ಕಪ್ಪೇ ಒಳ್ಳೆಯದಲ್ಲವೆ ಎಂದು ಓದುಗರು ಕೇಳಬಹುದು. ಇಲ್ಲಿಯೇ ಸಮಸ್ಯೆಯ ಗಂಟು ಇರುವುದು. ಯಂತ್ರದಿಂದ ಹೊರಬರುವಾಗ ಐಸ್ ಕ್ರೀಮ್ ಇನ್ನೂ ಮೆತ್ತಗಿರುತ್ತದೆ. ಅದನ್ನು ಪಾತ್ರೆಗೆ ತುಂಬಿದ ಬಳಿಕ, -30 ಡಿಗ್ರಿಯಷ್ಟು ತಣ್ಣನೆಯ ಗಾಳಿಯನ್ನು ಬೀಸಿ ಬೇಗನೆ ಗಟ್ಟಿಮಾಡಬೇಕು. ಬೇಗ ಗಟ್ಟಿಯಾದಷ್ಟೂ ಹರಳುಗಳು ಸಣ್ಣವಾಗಿ ಉಳಿಯುತ್ತವೆ. ಈ ಹೊತ್ತಿನಲ್ಲಿ ಪಾತ್ರೆಯು ಶಾಖವನ್ನು ಹೊರಕ್ಕೆ ಬಿಟ್ಟುಕೊಡಬೇಕು. ಅದೇ ಪಾತ್ರೆ ಮರುದಿನ ಬಿಸಿಲಲ್ಲಿ ಸಾಗುವಾಗ ಶಾಖವನ್ನು ಒಳಕ್ಕೆ ಬಿಡಬಾರದು. ಒಂದೇ ಬಾಗಿಲು ಹೊರಗೆ ಹೋಗುವವರಿಗೆ ತೆರೆದಿದ್ದು ಒಳಗೆ ಬರುವವರಿಗೆ ಮುಚ್ಚಿರಬೇಕೆಂದು ಕೇಳಿದ ಹಾಗಾಯಿತು!

ಕುಲ್ಫಿ ಮಾಡುವವರು ಈ ಗಂಟನ್ನು ಬಹು ಹಿಂದೆಯೇ ಬಿಡಿಸಿದ್ದಾರೆ. ಅವರ ಅಚ್ಚು ತೆಳು ಲೋಹದ ಶಂಕು. ಲೋಹ ಉತ್ತಮ ಉಷ್ಣವಾಹಕವಾದುದರಿಂದ ಹಾಲು ಬೇಗ ಹೆಪ್ಪುಗಟ್ಟುತ್ತದೆ. ಅಚ್ಚುಗಳನ್ನು ಇಡುವುದು ಮಂಜುಗಡ್ಡೆ ಮತ್ತು ಉಪ್ಪು ತುಂಬಿದ ದಪ್ಪ ಮಡಕೆಯಲ್ಲಿ. ಶಾಖವನ್ನು ಬಿಡುವ ಕೆಲಸ ಒಳಗಿನ ಅಚ್ಚಿನದು, ಶಾಖವನ್ನು ತಡೆಯುವ ಕೆಲಸ ಹೊರಗಿನ ಮಡಕೆಯದು. ಒಂದೇ ಪಾತ್ರೆಯ ಮೇಲೆ ಎರಡು ಕೆಲಸಗಳನ್ನು ಹೊರಿಸಬಾರದೆಂಬ ಈ ತತ್ತ್ವವನ್ನು ನಮ್ಮ ಉದ್ಯಮಿಗಳು ಮರೆಯಬಾರದು.

ಇದನ್ನು ಲೆಕ್ಕದಿಂದಲೂ ತೋರಿಸಬಹುದು. ಅಲುಗಾಡದ ಗಾಳಿಯಲ್ಲಿಟ್ಟ ಪ್ರತಿಯೊಂದು ತಣ್ಣನೆಯ ವಸ್ತುವಿನ ಮೈಗೂ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುತ್ತದೆ. ಈ ಪದರವು ಶಾಖಕ್ಕೆ ಒಡ್ಡುವ ತಡೆಯನ್ನು 100 ಎಂದು ಇಟ್ಟುಕೊಳ್ಳೋಣ. ಆಗ 0.3 ಮಿಲಿಮೀಟರ್ ದಪ್ಪದ ಕಾಗದದ ಕಪ್ಪಿನ ಗೋಡೆಯ ತಡೆ ಸುಮಾರು 3 ಮಾತ್ರ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಡೆಯದು ಸುಮಾರು 5. ಉದ್ಯಮಿಯು ಹೆಚ್ಚು ಹಣ ತೆತ್ತು ಇಮ್ಮಡಿ ದಪ್ಪದ ಕಾಗದದ ಕಪ್ಪನ್ನು ಕೊಂಡನೆನ್ನಿ. ಒಟ್ಟು ತಡೆ 103 ಇದ್ದದ್ದು 106 ಆಗುತ್ತದೆ. ಅದರಿಂದ ಬಂದ ಲಾಭ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು. ಆದರೆ 25 ಮಿಲಿಮೀಟರ್ ದಪ್ಪದ ಥರ್ಮೋಕೋಲಿನ ಹೊರಪೆಟ್ಟಿಗೆಯ ತಡೆ 700ರಷ್ಟು! ಶಾಖವನ್ನು ತಡೆಯಲು ಖರ್ಚುಮಾಡುವ ಹಣ ಕಪ್ಪಿನ ಗೋಡೆಗೆ ಹೋಗಬಾರದು, ಹೊರಪೆಟ್ಟಿಗೆಗೆ ಹೋಗಬೇಕು.

ಕಪ್ಪುಗಳನ್ನು ಒತ್ತಾಗಿ ಜೋಡಿಸುವುದರಿಂದಲೂ ಅಷ್ಟೇ ದೊಡ್ಡ ಉಪಕಾರವಿದೆ. ಶಾಖ ಒಳಗೆ ಬರುವುದು ಮೇಲ್ಮೈಯ ಮೂಲಕ. ಒಂದೇ ಅಳತೆಯ 64 ಘನಾಕಾರದ ಡಬ್ಬಿಗಳನ್ನು ಬಿಡಿಬಿಡಿಯಾಗಿ ಇಡುವುದಕ್ಕೆ ಬದಲು ನಾಲ್ಕು ಉದ್ದ, ನಾಲ್ಕು ಅಗಲ, ನಾಲ್ಕು ಎತ್ತರವಾಗಿ ಒಟ್ಟಿದರೆ ಗಾಳಿಗೆ ಒಡ್ಡಿದ ಮೇಲ್ಮೈ ಕಾಲು ಭಾಗಕ್ಕೆ ಇಳಿಯುತ್ತದೆ. ದುಂಡಗಿನ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದರೆ ಪೆಟ್ಟಿಗೆಯ ತಳದಲ್ಲಿ ನೂರಕ್ಕೆ 21 ಭಾಗ ಬರಿದಾಗಿ ಉಳಿಯುತ್ತದೆ. ಆದುದರಿಂದ ದೂರಕ್ಕೆ ಸಾಗಿಸುವ ಸಗಟು ಮಾಲಿಗೆ ಚೌಕದ ಡಬ್ಬಿಯೇ ಮೇಲು. ಆದರೆ ಅದರ ಮೂಲೆಗಳಿಗೆ ಮೂರು ಕಡೆಯಿಂದ ಶಾಖ ತಗಲುವುದರಿಂದ ಅವೇ ಮೊದಲು ಕರಗುತ್ತವೆ; ಮೂಲೆಗಳನ್ನು ತುಸು ದುಂಡಗಾಗಿಸಿದ ಡಬ್ಬಿಯನ್ನು ಕೇಳಿ ಪಡೆಯಬೇಕು. ಡಬ್ಬಿ ಬಹಳ ಆಳವಾಗಿಯೂ ಇರಬಾರದು. ದಪ್ಪ ಇಮ್ಮಡಿಯಾದರೆ ಗಟ್ಟಿಯಾಗಲು ಬೇಕಾದ ಕಾಲ ನಾಲ್ಮಡಿಯ ಸಮೀಪಕ್ಕೆ ಹೋಗಬಹುದು.

ಶಾಖವನ್ನು ತಡೆಯುವ ಹೊಣೆಯನ್ನು ಹೊರಪೆಟ್ಟಿಗೆಗೆ ಒಪ್ಪಿಸಿದ ಮೇಲೆ ಒಳಗಿನ ಕಪ್ಪಿಗೆ ಉಳಿದ ಕೆಲಸವೇನು? ನೀರಾವಿಯನ್ನು ಕಾಯುವುದು. ಮಂಜು ಕರಗದೆಯೇ ಆವಿಯಾಗಬಲ್ಲುದು. -20 ಡಿಗ್ರಿಯಲ್ಲಿಯೂ ಮಂಜಿನ ಮೇಲಿನ ಆವಿಯ ಒತ್ತಡ ಸುಮಾರು 103 ಪಾಸ್ಕಲ್, ಎಂದರೆ 0 ಡಿಗ್ರಿಯಲ್ಲಿರುವ ಒತ್ತಡದ ಆರನೆಯ ಒಂದು ಭಾಗದಷ್ಟು ಇರುತ್ತದೆ. ಸಡಿಲವಾದ ಮುಚ್ಚಳದ ಕೆಳಗೆ ಐಸ್ ಕ್ರೀಮಿನ ಮೇಲ್ಮೈ ಒಣಗಿ, ಹೊರಟ ನೀರು ಮುಚ್ಚಳದ ಒಳಮೈಗೆ ಹಿಮವಾಗಿ ಅಂಟಿಕೊಳ್ಳುವುದು ಇದರಿಂದಲೇ. ಮುಚ್ಚಳ ಬಿಗಿಯಾಗಿರಬೇಕು, ಅದರ ಕೆಳಗೆ ಬರಿಯ ಜಾಗ ಕಡಿಮೆಯಿರಬೇಕು, ಕಾಗದದ ಒಳಮೈಗೆ ತೇವವನ್ನು ತಡೆಯುವ ಲೇಪವಿರಬೇಕು. ಲೇಪದ ಮಹತ್ವಕ್ಕೆ ಕೋನೇ ಸಾಕ್ಷಿ. 1959ರಲ್ಲಿ ಇಟಲಿಯ ನೇಪಲ್ಸ್ ನಗರದ ಸ್ಪೀಕಾ ಎಂಬ ತಯಾರಕರು ಕೋನಿನ ಒಳಮೈಗೆ ಎಣ್ಣೆ, ಸಕ್ಕರೆ, ಚಾಕೊಲೇಟುಗಳ ಲೇಪವನ್ನು ಕೊಟ್ಟ ಮೇಲೆಯೇ ಕಾರ್ಖಾನೆಯಲ್ಲಿ ತುಂಬಿದ ಕೋನು ಮೆತ್ತಗಾಗದೆ ಗಿರಾಕಿಯ ಕೈಸೇರುವುದು ಸಾಧ್ಯವಾಯಿತು.

ಪ್ಲಾಸ್ಟಿಕ್ ಡಬ್ಬಿಯನ್ನು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಸಾಮಾನ್ಯ ಪಾಲಿಪ್ರೊಪಿಲೀನ್ ಅಂಗಡಿಯ ಮೇಜಿನ ಮೇಲೆ ಗಟ್ಟಿಮುಟ್ಟಾಗಿ ಕಂಡರೂ ಸೊನ್ನೆ ಡಿಗ್ರಿಯ ಕೆಳಗೆ ಗಾಜಿನಂತೆ ಬಿರುಸಾಗುತ್ತದೆ. ಕೈಜಾರಿ ಬಿದ್ದರೆ ಬಿರಿಯುತ್ತದೆ. ಚಳಿಯನ್ನು ತಾಳುವಂತೆ ಮಾರ್ಪಡಿಸಿದ ಪಾಲಿಪ್ರೊಪಿಲೀನನ್ನೋ ಹೆಚ್ಚು ಸಾಂದ್ರತೆಯ ಪಾಲಿಥೀನನ್ನೋ ಕೇಳಬೇಕು. ಬೆಳಕು ಹಾಯುವ ಡಬ್ಬಿ ನೋಟಕ್ಕೆ ಚೆಂದ. ಆದರೆ ಪ್ರದರ್ಶನದ ದೀಪದ ಬೆಳಕಿನಲ್ಲಿ ಹಾಲಿನ ಕೊಬ್ಬು ಕೆಟ್ಟು ವಾಸನೆ ಬರಬಹುದಾದುದರಿಂದ ಅಪಾರದರ್ಶಕವಾದುದೇ ಲೇಸು.

ನಮ್ಮ ನಾಡಿನ ಭೂಗೋಳವೂ ಈ ಆಯ್ಕೆಯಲ್ಲಿ ಪಾಲುಗೊಳ್ಳುತ್ತದೆ. ಮಂಗಳೂರು ಐಸ್ ಕ್ರೀಮಿಗೆ ಹೆಸರಾದ ಊರು. ಅಲ್ಲಿನ ಗಾಳಿಯಾದರೋ ತೇವದಿಂದ ತುಂಬಿದ್ದು. ತಣ್ಣನೆಯ ಕಪ್ಪಿನ ಮೈಮೇಲೆ ಒಂದು ಗ್ರಾಂ ನೀರಾವಿ ಹನಿಯಾಗಿ ನೆಲಸಿದರೆ ಸುಮಾರು 2500 ಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಅಷ್ಟು ಶಾಖ ಏಳು ಗ್ರಾಮಿಗೂ ಹೆಚ್ಚು ಮಂಜನ್ನು ಕರಗಿಸಲು ಸಾಕು. ಕರಾವಳಿಯಲ್ಲಿ ಪೆಟ್ಟಿಗೆಯ ಮುಚ್ಚಳವನ್ನು ತೆರೆದಿಡುವುದು ಬಯಲುಸೀಮೆಗಿಂತ ಹೆಚ್ಚು ದುಬಾರಿ. ಅದೇ ಮಾಲು ಘಾಟಿಯನ್ನು ಹತ್ತಿ ಮಡಿಕೇರಿಗೆ ಹೋಗುವಾಗ ಬೇರೊಂದು ಪರೀಕ್ಷೆ ಕಾದಿರುತ್ತದೆ. ಸಮುದ್ರಮಟ್ಟದಿಂದ 1100 ಮೀಟರಿಗೂ ಹೆಚ್ಚು ಎತ್ತರದ ಆ ಊರಿನಲ್ಲಿ ಗಾಳಿಯ ಒತ್ತಡ ಸುಮಾರು ಎಂಟರಲ್ಲಿ ಒಂದು ಪಾಲು ಕಡಿಮೆ. ಐಸ್ ಕ್ರೀಮಿನೊಳಗಿನ ಗಾಳಿ ಹಿಗ್ಗಿ ಮುಚ್ಚಳವನ್ನು ಮೇಲಕ್ಕೆ ನೂಕುತ್ತದೆ. ಅಂಥ ದಾರಿಗೆ ಅಂಚು ಕಚ್ಚಿಕೊಳ್ಳುವ ಮುಚ್ಚಳವೂ, ಹೊರಡುವ ಮೊದಲೇ ಚೆನ್ನಾಗಿ ಗಟ್ಟಿಗೊಳಿಸಿದ ಮಾಲೂ ಆಗಬೇಕು.

ನಮ್ಮ ವಾದಕ್ಕೆ ಬರಬಹುದಾದ ಮುಖ್ಯ ಆಕ್ಷೇಪ ಹಣದ್ದು. ಕಪ್ಪಿಗೇ ಹಣವಿಲ್ಲದ ಸಣ್ಣ ಉದ್ಯಮಿ ದಪ್ಪ ಹೊರಪೆಟ್ಟಿಗೆಯನ್ನು ಎಲ್ಲಿಂದ ತಂದಾನು? ಆಕ್ಷೇಪ ನ್ಯಾಯವಾದುದೇ. ಆದರೆ ಕಪ್ಪು ಒಮ್ಮೆ ಬಳಸಿ ಎಸೆಯುವಂಥದು. ಹೊರಪೆಟ್ಟಿಗೆ ದಿನವೂ ಮರಳಿ ಬರುವಂಥದು. ಕಪ್ಪಿನ ದಪ್ಪಕ್ಕೆ ತೆತ್ತ ಪ್ರತಿಯೊಂದು ಪೈಸೆಯೂ ಅದರೊಡನೆ ಕಸದ ತೊಟ್ಟಿಗೆ ಹೋಗುತ್ತದೆ. ಪೆಟ್ಟಿಗೆಗೆ ತೆತ್ತದ್ದು ವರ್ಷಗಟ್ಟಲೆ ಕೆಲಸಮಾಡುತ್ತದೆ. ಒಳಗೆ ಉಪ್ಪುನೀರಿನ ಫಲಕಗಳನ್ನಿಟ್ಟರೆ ಅದರ ಶಕ್ತಿ ಇನ್ನೂ ಹೆಚ್ಚು. ತೂಕದಲ್ಲಿ ನೂರಕ್ಕೆ 23.3 ಭಾಗ ಅಡುಗೆಯ ಉಪ್ಪುಳ್ಳ ನೀರು -21.1 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಅದೇ ಉಷ್ಣತೆಯಲ್ಲಿ ಕರಗುತ್ತ ಬಹು ಹೊತ್ತು ಶಾಖವನ್ನು ಹೀರುತ್ತಿರುತ್ತದೆ. ಒಣ ಮಂಜುಗಡ್ಡೆಯನ್ನು ಬಳಸುವವರು ಮಾತ್ರ ಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿಯಬಾರದು, -78.5 ಡಿಗ್ರಿಯಲ್ಲಿ ಅನಿಲವಾಗುವ ಅದು ಪೆಟ್ಟಿಗೆಯನ್ನೇ ಸಿಡಿಸಬಹುದು.

ಕಸದ ಮಾತೂ ಉಪೇಕ್ಷಿಸತಕ್ಕದ್ದಲ್ಲ. ಐಸ್ ಕ್ರೀಮಿನ ಪ್ಲಾಸ್ಟಿಕ್ ಕಡ್ಡಿಯನ್ನು ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಯಿತು. ಮರದ ಕಡ್ಡಿ ಆ ಕೆಲಸವನ್ನು ಕುಂದಿಲ್ಲದೆ ಮಾಡುತ್ತದೆ. ಕಾಗದದ ಕಪ್ಪು ಕೂಡ ಪೂರ್ಣ ನಿರ್ದೋಷಿಯಲ್ಲ. ಪ್ಲಾಸ್ಟಿಕ್ ಲೇಪ ಅಂಟಿಕೊಂಡಿರುವುದರಿಂದ ಅದನ್ನು ಮತ್ತೆ ಕಾಗದವಾಗಿಸುವುದು ಸುಲಭವಲ್ಲ. ಹೀಗಿರುವಾಗ ಎಸೆಯುವ ಪಾತ್ರೆ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ಶಾಖದ ಲೆಕ್ಕವೂ ನೆಲದ ಹಿತವೂ ಇಲ್ಲಿ ಒಂದೇ ಮಾತನ್ನು ಹೇಳುತ್ತಿವೆ ಎಂಬುದು ಸಂತೋಷದ ಸಂಗತಿ.

ಪಾತ್ರೆಯನ್ನು ಕೊಳ್ಳುವ ಮುನ್ನ ಪರೀಕ್ಷಿಸುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ತುಂಬಿದ ಡಬ್ಬಿಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಸೊಂಟದ ಎತ್ತರದಿಂದ ಬೀಳಿಸಿ ನೋಡಬೇಕು. ತೂಕಮಾಡಿದ ಕಪ್ಪನ್ನು ಒಂದು ತಿಂಗಳು ಫ್ರೀಜರಿನಲ್ಲಿರಿಸಿ, ಮೈಮೇಲಿನ ಹಿಮವನ್ನು ಒರಸಿ ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ಮುಚ್ಚಳದ ಯೋಗ್ಯತೆ. ಸಾಗಣೆಯ ಪೆಟ್ಟಿಗೆಯ ನಡುವೆಯೂ ಮೂಲೆಯಲ್ಲಿಯೂ ಒಂದೊಂದು ತಾಪಮಾಪಕವನ್ನಿಟ್ಟು, ಅಂಗಡಿ ತಲಪಿದಾಗ ಎಷ್ಟಿದೆಯೆಂದು ಬರೆದಿಡಬೇಕು. ನಮ್ಮ ಊರೂರಿನ ಕಾಲೇಜುಗಳ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇವು ಪಠ್ಯಪುಸ್ತಕದ ಪ್ರಯೋಗಗಳಿಗಿಂತ ಕಡಿಮೆಯ ಪ್ರಯೋಗಗಳಲ್ಲ. ನೆರೆಯ ಉದ್ಯಮಿಯೂ ಕಾಲೇಜೂ ಕೈಗೂಡಿಸಿದರೆ ಒಬ್ಬರಿಗೆ ನಷ್ಟ ತಪ್ಪೀತು, ಇನ್ನೊಬ್ಬರಿಗೆ ಉಷ್ಣವಿಜ್ಞಾನ ಬಾಯಿಪಾಠದ ವಿಷಯವಾಗಿ ಉಳಿಯದು. ಕಪ್ಪಿನ ಚಿತ್ರವನ್ನು ಆರಿಸುವುದು ಆಮೇಲೆ ಇದ್ದೇ ಇದೆ.