ಹಸಿ ಸೌದಿಯ ಒಣಕ್ಕು ಹೇಳಿ ಮಾರಿರೆ ಜವಾಬ್ದಾರಿ ಆರದ್ದು?

ಅಕ್ಕಂದ್ರೇ, ಅತ್ತೆಕ್ಕಳೇ, ನೆರೆಕರೆಯ ಎಲ್ಲ ಹೆಮ್ಮಕ್ಕಳೇ, ಇಂದು ಆನು ರೆಜ್ಜ ಕೋಪಲ್ಲೇ ಬರೆತ್ತಾ ಇದ್ದೆ. ಸೌದಿ ಹೇಳಿರೆ ಒಲಗೆ ಹಾಕುವ ಸಾಮಾನು, ಅದರ ವಿಷಯಲ್ಲಿ ಕೋಪ ಮಾಡ್ಲೆ ಎಂತ ಇದ್ದು ಹೇಳಿ ಕಾಂಗು ನಿಂಗೊಗೆ. ಇದ್ದು. ಅಕೇರಿವರೆಗೆ ಓದಿ, ಮತ್ತೆ ಹೇಳಿ.

ಗೇಸು ಬಂದು ಎಷ್ಟೋ ವರ್ಷ ಆದರೂ ನಮ್ಮ ಊರಿಲಿ ಸೌದಿ ಒಲೆ ನಂದಿದ್ದಿಲ್ಲೆ. ಮೀವಲೆ ಬೆಶಿನೀರು ಆಯೆಕ್ಕಾರೆ ಸೌದಿ ಬೇಕು, ದನಗೊಕ್ಕೆ ಅಕ್ಕಚ್ಚು ಬೇಶುಲೆ ಬೇಕು, ಹಪ್ಪಳದ ಸಮಯಲ್ಲಿ ಹಲಸಿನ ಸೊಳೆ ಬೇಶುಲೆ ಬೇಕು, ಜೆಂಬ್ರದ ಅಡಿಗೆಗಂತೂ ಬೇಕೇ ಬೇಕು. ಮದಲಿಂಗೆ ತೋಟದ ಮಡಲು, ಕೊತ್ತಳಿಂಗೆ, ಕರಟ, ಗುಡ್ಡೆಯ ಗೆಲ್ಲು ಇಷ್ಟರಲ್ಲೇ ವರ್ಷ ಕಳಿಗು. ಈಗ ಸೌದಿ ಒಡವಲೆ ಜೆನ ಸಿಕ್ಕುತ್ತವಿಲ್ಲೆ. ಹಾಂಗಾಗಿ ಕೆಲವು ಮನೆಯವು ಪೈಸೆ ಕೊಟ್ಟು ಪಿಕ್‌ಅಪ್ಪಿಲಿ ತರುಸುತ್ತವು. ರಬ್ಬರೋ ಅಕೇಶಿಯವೋ ಕಡುಸಿದ ಮನೆಯವು ಮಾರುತ್ತವು. ನಮ್ಮೊಳವೇ ತೆಕ್ಕೊಂಬವುದೇ ಇದ್ದವು, ಮಾರುವವುದೇ ಇದ್ದವು. ಅದಕ್ಕೇ ಈ ಮಾತು ಎರಡೂ ಕಡೆಯವಕ್ಕೆ.

ಈ ವ್ಯಾಪಾರಲ್ಲಿ ಎರಡು ನಮುನೆ ಮಾತು ಕೇಳಿ ಕೇಳಿ ಎನ್ನ ಕೆಮಿ ಬೆಶಿ ಆಯಿದು. ಒಂದು, "ಸೌದಿ ಇಳುಶಿ ಪೈಸೆ ಕೈಗೆ ಬಂದ ಮತ್ತೆ ಎಂಗೊಗೂ ಅದಕ್ಕೂ ಸಂಬಂಧ ಇಲ್ಲೆ, ಹಸಿಯೋ ಒಣಕ್ಕೋ ನೋಡೆಕ್ಕಾದ್ದು ತೆಕ್ಕೊಂಡವರ ಕೆಲಸ" ಹೇಳುವವರದ್ದು. ಇನ್ನೊಂದು, "ಈಗಾಣ ಕಾಲಲ್ಲಿ ಸೌದಿ ಮಾರಿರೆ ಕೇಸು ಹಾಕುಗು, ಸಿಕ್ಕಿದ ರೇಟಿಂಗೆ ವ್ಯಾಪಾರಿಗೆ ಕೊಟ್ಟು ಕೈ ತೊಳಕ್ಕೊಳ್ಳಿ" ಹೇಳಿ ಹೆದರುಸುವವರದ್ದು. ಎರಡೂ ಲೊಟ್ಟೆ. ಎರಡರಿಂದಲೂ ಲಾಭ ಅಪ್ಪದು ನೆಡುಕೆ ನಿಂದ ವ್ಯಾಪಾರಿಗೆ ಮಾಂತ್ರ.

ಹೇಂಗೆ ಹೇಳಿ ಕೇಳಿರೆ, ನಮ್ಮ ಹೊಡೆಲಿ ಒಂದು ಅತ್ತಿಗೆ ಇದ್ದು. ಗೆಂಡ° ತೀರಿ ಹೋಗಿ ನಾಕು ವರ್ಷ ಆತು. ಮಗಳ ಕೋಲೇಜು ಫೀಸಿಂಗೆ ಹೇಳಿ ಹಾಲು ನಿಂದ ರಬ್ಬರು ಮರಂಗಳ ಕಡುಸಿತ್ತು. ಗೆಲ್ಲು, ತುಂಡು ಎಲ್ಲ ಸೌದಿ ಮಾಡಿ ನೆರೆಕರೆಗೇ ಮಾರುವ° ಹೇಳಿ ಗ್ರೇಶಿತ್ತು. ಅಷ್ಟಪ್ಪಗ ಒಬ್ಬ ವ್ಯಾಪಾರಿ ಬಂದ°. "ಅಕ್ಕಾ, ಹಸಿ ಸೌದೆ ಮಾರಿದ್ರೆ ಕನ್ಸ್ಯೂಮರ್ ಕೋರ್ಟಲ್ಲಿ ಕೇಸು ಆಗ್ತದೆ, ನಿಮಗೆ ಒಬ್ರಿಗೆ ಓಡಾಡ್ಲಿಕ್ಕೆ ಆಗ್ತದಾ?" ಹೇಳಿ ಹೆದರುಸಿ ಅರ್ಧ ಕ್ರಯಕ್ಕೆ ತುಂಬುಸಿಗೊಂಡು ಹೋದ°. ವಾರ ಕಳಿವ ಮದಲೇ ಅದೇ ಸೌದಿ ಪೇಟೆಲಿ "ಒಣ ಸೌದೆ" ಹೇಳಿ ಮಾರಾಟ ಆತು. ಸೌದಿ ಬದಲಿದ್ದಿಲ್ಲೆ, ಹೆಸರು ಮಾಂತ್ರ ಬದಲಿದ್ದು. ಅತ್ತಿಗೆ ಹಸಿಯ ಹಸಿ ಹೇಳಿಯೇ ಮಾರ್ಲೆ ಹೆರಟದು. ಕಾನೂನಿಂಗೆ ಹೆದರೆಕ್ಕಾದ್ದು ಅತ್ತಿಗೆಯೋ, ಆ ವ್ಯಾಪಾರಿಯೋ? ನಿಂಗಳೇ ಹೇಳಿ.

ಆನು ವಕೀಲರ ಪೈಕಿ ಅಲ್ಲ, ಪಿಯುಸಿ ಓದಿ ಮದುವೆ ಆಗಿ ಬಂದ ಹೆಮ್ಮಕ್ಕೊ. ಆದರೆ ಕಾನೂನು ಓದುಲೆ ಕರಿ ಕೋಟು ಬೇಡ. 1930ರ ಸರಕು ಮಾರಾಟ ಕಾಯ್ದೆ ಹೇಳಿ ಒಂದು ಇದ್ದು. ಬ್ರಿಟಿಷರ ಕಾಲದ್ದಾದರೂ ಈಗಳೂ ಅದೇ ನೆಡೆತ್ತಾ ಇಪ್ಪದು. ಅದರ 15ನೇ ಸೆಕ್ಷನ್ ಹೇಳ್ತು, ಒಂದು ಸಾಮಾನಿನ "ಇದು ಹೀಂಗಿಪ್ಪದು" ಹೇಳಿ ವಿವರ ಕೊಟ್ಟು ಮಾರಿರೆ ಸಾಮಾನು ಹಾಂಗೇ ಇರೆಕ್ಕು. "ಒಣಕ್ಕು ಸೌದಿ" ಹೇಳುದು ವಿವರ. 17ನೇ ಸೆಕ್ಷನ್ ಮಾದರಿ ತೋರುಸಿ ಮಾರುದರ ಬಗ್ಗೆ. ಕೈಲಿ ನಾಕು ಒಣಗಿದ ತುಂಡು ತೋರುಸಿ, ಇಡೀ ಲೋಡು ಹಸಿ ಕೊಟ್ಟರೆ ಆಗ. 16ನೇದು ಇನ್ನೂ ಗಟ್ಟಿ. "ನಾಳ್ದು ಮಾಣಿಯ ಉಪ್ನಾನ, ಅಡಿಗೆ ಒಲಗೆ ಸೌದಿ ಬೇಕು" ಹೇಳಿ ನಿಂಗೊ ಹೇಳಿ, ಸೌದಿ ವ್ಯಾಪಾರ ಮಾಡುವವನ ತಿಳುವಳಿಕೆಯ ನಂಬಿ ತೆಕ್ಕೊಂಡರೆ, ಆ ಸೌದಿ ಆ ಕೆಲಸಕ್ಕೆ ಆವುತ್ತ ಹಾಂಗೇ ಇರೆಕ್ಕು. ಹೊಗೆ ಮಾಂತ್ರ ಕೊಡುವ ಸೌದಿಲಿ ಮುನ್ನೂರು ಜೆನಕ್ಕೆ ಅಶನ ಬೇಯ.

ಇಲ್ಲಿ ಒಂದು ಸೂಕ್ಷ್ಮ ಇದ್ದು, ಅದರ ಅತ್ತಿಗೆಯ ಹಾಂಗಿಪ್ಪವು ತಿಳ್ಕೊಳ್ಳೆಕ್ಕು. 16ನೇ ಸೆಕ್ಷನಿನ ಭಾರ ಇಪ್ಪದು ಅದೇ ವ್ಯಾಪಾರ ಮಾಡುವವರ ಮೇಲೆ. ಹತ್ತು ವರ್ಷಕ್ಕೊಂದರಿ ಮನೆಯ ಮರ ಕಡುಸಿ ಮಾರುವ ಹೆಮ್ಮಕ್ಕಳ ಸೌದಿ ವ್ಯಾಪಾರಿ ಹೇಳಿ ದೆನಿಗೇಳುಲೆ ಎಡಿಯ. ಆದರೆ 15ನೇದಕ್ಕೆ ಆ ರಿಯಾಯಿತಿ ಇಲ್ಲೆ. ಬಾಯಿಲಿ "ಒಣಕ್ಕು" ಹೇಳಿದಿರೋ, ಆ ಮಾತು ನಿಂಗಳನ್ನೂ ಕಟ್ಟಿ ಹಾಕುತ್ತು. ಹೇಳದ್ದರೆ ಕಟ್ಟು ಇಲ್ಲೆ. ಹಸಿ ಮಾರಿದ್ದು ತಪ್ಪಲ್ಲ, ಹಸಿಯ ಮುಚ್ಚಿ ಮಾರಿದ್ದು ತಪ್ಪು. ಇಡೀ ವಿಷಯದ ತಿರುಳು ಇಷ್ಟೇ.

ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಜಾರಿಗೆ ಬಂದದು 2020ರ ಜುಲೈಲಿ. ಮಾರುವವ° ಹೇಳಿದ ಗುಣ, ಪ್ರಮಾಣಲ್ಲಿ ಕೊರತ್ತೆ ಬಂದರೆ ಅದು ದೋಷ. ಇಲ್ಲದ್ದ ಗುಣ ಇದ್ದು ಹೇಳಿರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬರದೇ ಕೊಡೆಕ್ಕು ಹೇಳಿ ಇಲ್ಲೆ, ಬಾಯಿಲಿ ಹೇಳಿರೂ ಲೆಕ್ಕಕ್ಕೆ ಬತ್ತು. ಎರಡು ವರ್ಷದೊಳ ಜಿಲ್ಲಾ ಆಯೋಗಕ್ಕೆ ದೂರು ಕೊಡ್ಲಕ್ಕು. ಕೊಟ್ಟ ಪೈಸೆ 5 ಲಕ್ಷದ ಒಳ ಆದರೆ ಫೀಸು ಇಲ್ಲೆ. ವಕೀಲರು ಬೇಕೇ ಬೇಕು ಹೇಳಿಯೂ ಇಲ್ಲೆ. ಅದಕ್ಕೂ ಮದಲು 1915 ಹೇಳ್ತ ಸಹಾಯವಾಣಿಗೆ ಫೋನು ಮಾಡ್ಲಕ್ಕು. ಒಂದು ನೆಂಪಿರಲಿ, ದೊಡ್ಡ ಹೋಟ್ಲಿನವು ವ್ಯಾಪಾರಕ್ಕೆ ತೆಕ್ಕೊಂಡರೆ ಅವು ಈ ಕಾಯ್ದೆಲಿ ಗ್ರಾಹಕರು ಅಲ್ಲ. ಸ್ವಂತ ದುಡಿದು ಜೀವನ ಮಾಡ್ಲೆ ತೆಕ್ಕೊಂಡವಕ್ಕೆ, ಮನೆ ಖರ್ಚಿಂಗೆ ತೆಕ್ಕೊಂಡ ನಮ್ಮಂತವಕ್ಕೆ ಹಕ್ಕು ಇದ್ದು.

ಕೇಸು ಹೇಳಿದ ಕೂಡ್ಲೆ ಪೋಲೀಸು, ಜೈಲು ಕಣ್ಣಿಂಗೆ ಕಟ್ಟುದು ಬೇಡ. ಗ್ರಾಹಕ ಆಯೋಗ ಸಾಮಾನ್ಯವಾಗಿ ಹೇಳುದು ಪೈಸೆ ವಾಪಾಸು ಕೊಡಿ, ಸಾಮಾನು ಬದಲುಸಿ ಕೊಡಿ, ಆದ ನಷ್ಟ ಕಟ್ಟಿ ಹೇಳಿ. ಅತ್ತಿಗೆಗೆ ಇಷ್ಟು ಆರಾದರೂ ಹೇಳಿದ್ದರೆ ಆ ಅರ್ಧ ಕ್ರಯ ಹೋವ್ತಿತಿಲ್ಲೆ.

"ಎಂಗೊ ಕಣ್ಣಾರೆ ತೋರುಸಿದ್ದು, ಅವು ನೋಡಿಯೇ ತೆಕ್ಕೊಂಡದು" ಹೇಳ್ತವು ಕೆಲವು ಜೆನ. ಈ ಮಾತಿಲಿ ಅರ್ಧ ಸತ್ಯ ಇದ್ದು. ನೋಡಿರೆ ಕಾಂಬಂತ ದೋಷವ ನೋಡಿ ತೆಕ್ಕೊಂಡವು ಮತ್ತೆ ಅದನ್ನೇ ಹಿಡುದು ಗುಣ ಸರಿ ಇಲ್ಲೆ ಹೇಳುಲೆ ಕಾನೂನು ಬಿಡ್ತಿಲ್ಲೆ. ಆದರೆ ಸೌದಿಯ ಹಸಿ ಚೋಲಿಲಿ ಕಾಣ್ತೋ? ಹೆರ ಬೆಶಿಲಿಂಗೆ ಬೆಳಿ ಆಗಿರ್ತು, ಒಡದು ನೋಡಿರೆ ಒಳ ತಂಪು. ಇರುಳು ಎಂಟು ಗಂಟೆಗೆ ಜಾಲಿಲಿ ಲೋಡು ಸುರುಗಿಕ್ಕಿ ಹೋದರೆ ಎಂತರ ನೋಡುದು? ಅಲ್ಲದ್ದೆ ನೀನು ಬಾಯಿ ಬಿಟ್ಟು "ಒಣಕ್ಕು" ಹೇಳಿದ ಮತ್ತೆ ಆ ಮಾತಿನ ಬೆಲೆ ಎಲ್ಲಿಗೆ ಹೋತು?

ಇನ್ನೊಂದು ಜಾತಿಯವು ಇದ್ದವು, "ರೆಜ್ಜ ಹಸಿ ಇದ್ದರೆ ಎಂತ ಮುಳುಗಿ ಹೋವ್ತು" ಹೇಳುವವು. ಬನ್ನಿ, ಲೆಕ್ಕ ಹಾಕುವ°. ಈಗಷ್ಟೇ ಕಡುದ ಮರಲ್ಲಿ ತೂಕದ ಅರ್ಧಾಂಶ ನೀರೇ ಇಪ್ಪಲೂ ಸಾಕು. ಅಂತ ಸೌದಿ 100 ಕಿಲ ತೆಕ್ಕೊಂಡರೆ 50 ಕಿಲ ಮರ, 50 ಕಿಲ ನೀರು. ಅದು ಸರೀ ಒಣಗಿ ನೀರು ಶೇಕಡಾ 20ಕ್ಕೆ ಇಳುದಪ್ಪಗ ತೂಕ 62.5 ಕಿಲ. ಕಿಲಕ್ಕೆ 6 ರೂಪಾಯಿ ಹೇಳಿ ಮಡಿಕ್ಕೊಂಬ°. 600 ರೂಪಾಯಿ ಕೊಟ್ಟದರಲ್ಲಿ 225 ರೂಪಾಯಿ ಬರೀ ನೀರಿಂಗೆ ಹೋತು. ಹಾಲಿಂಗೆ ನೀರು ಸೇರುಸಿದವನ ಊರಿಡೀ ಬೈತ್ತು ನಾವು. ಸೌದಿಲಿ ನೀರು ಮಾರಿದವಂಗೆ ಚಾಯ ಕೊಟ್ಟು ಕಳುಸುತ್ತು!

ಅಷ್ಟೇ ಅಲ್ಲ. ಒಂದು ಕಿಲ ತಣ್ಣೀರಿನ ಕೊದಿಶುಲೆ ಬೇಕಾದ ಶಾಖಂದ ಏಳು ಪಾಲು ಹೆಚ್ಚು ಶಾಖ ಬೇಕು ಆ ಕೊದಿವ ನೀರು ಪೂರಾ ಆವಿ ಆಗಿ ಹೋಪಲೆ. ಸೌದಿಯೊಳಾಣ ನೀರು ಮದಲು ಆವಿ ಆಯೆಕ್ಕು, ಮತ್ತಷ್ಟೇ ಅಳಗೆಗೆ ಬೆಶಿ. ಹಾಂಗಾಗಿ ಹಸಿ ಸೌದಿ ಒಲೆಲಿ ಬರೀ ಹೊಗೆತ್ತು, ಕೊಡಿಲಿ ನೊರೆ ಬತ್ತು, ಕಿಚ್ಚು ಹಿಡಿತ್ತಿಲ್ಲೆ.

ಆ ಹೊಗೆಯ ಕುಡಿವದು ಆರು? ಪೈಸೆ ಎಣುಸಿದ ಗೆಂಡುಮಕ್ಕೊ ಅಲ್ಲ, ಲೋಡು ಇಳುಶಿದವುದೇ ಅಲ್ಲ. ಊದುಗೊಳವೆ ಹಿಡ್ಕೊಂಡು ಒಲೆ ಬುಡಲ್ಲಿ ಕೂದ ನಾವು. ಅಡಿಗೆಒಲೆಗಳ ಹೊಗೆ ಹಾಂಗಿಪ್ಪ ಮನೆಯೊಳಾಣ ಹಾಳು ಗಾಳಿಂದಾಗಿ 2020ರಲ್ಲಿ ಲೋಕಲ್ಲಿ ಅಂದಾಜು 32 ಲಕ್ಷ ಜೆನ ತೀರಿ ಹೋಯಿದವು ಹೇಳಿ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತು. ಒಣಕ್ಕು ಸೌದಿಲಿ ಹೊಗೆ ಇಲ್ಲೆ ಹೇಳಿ ಅಲ್ಲ. ಆದರೆ ಹಸಿಲಿ ಅದು ಎಷ್ಟೋ ಪಾಲು ಹೆಚ್ಚು ಹೇಳಿ ನಮ್ಮ ಕಣ್ಣಿಂಗೇ ಗೊಂತಿದ್ದು. ಹಾಂಗಿಪ್ಪಗ ಇದರ "ಸಣ್ಣ ವಿಷಯ" ಹೇಳುವವರ ಒಂದು ಆಟಿ ತಿಂಗಳು ಅಡಿಗೆಒಳ ಕೂರುಸೆಕ್ಕು.

ಇಂಗ್ಲೆಂಡಿಲಿ 2021ರ ಮೇ ತಿಂಗಳಿಂದ ಒಂದು ನಿಯಮ ಬಂತು. ಎರಡು ಘನ ಮೀಟರಿಂದ ಕಮ್ಮಿ ಸೌದಿ ಮಾರುವಗ ಅದರಲ್ಲಿ ನೀರು ಶೇಕಡಾ 20ರಿಂದ ಹೆಚ್ಚು ಇಪ್ಪಲಾಗ. ಅದಕ್ಕಿಂತ ಹೆಚ್ಚು ಸೌದಿಯ ಹಸಿಯೇ ಮಾರ್ಲಕ್ಕು, ಆದರೆ ಒಣಗುಸುದು ಹೇಂಗೆ ಹೇಳಿ ಬರದು ಕೊಡೆಕ್ಕು. ನಾವು ಅಷ್ಟು ದೂರ ಹೋಯೆಕ್ಕು ಹೇಳಿ ಆನು ಹೇಳ್ತಿಲ್ಲೆ. ಇಪ್ಪ ಕಾನೂನಿನ ಪ್ರಕಾರ ಸತ್ಯ ಹೇಳಿರೆ ಸಾಕು.

ಮಾರುವ ಅಕ್ಕಂದ್ರೇ, ಹೆದರೆಡಿ, ಲೊಟ್ಟೆಯೂ ಹೇಳೆಡಿ. ಒಂದು ಚೀಟಿಲಿ ಬರದು ಕೊಡಿ: ಯಾವ ಮರ, ಯಾವ ತಿಂಗಳಿಲಿ ಕಡುದ್ದು, ಹಸಿಯೋ ಒಣಕ್ಕೋ, ಎಷ್ಟು ಪೈಸೆ. ಒಂದು ಪ್ರತಿ ನಿಂಗಳತ್ತರೆ ಇರಲಿ, ಫೋನಿಲಿ ಫೋಟೋ ತೆಗದು ಮಡುಗಿರೂ ಸಾಕು. ನಾಳೆ ಆರಾದರೂ ಜಗಳಕ್ಕೆ ಬಂದರೆ ಆ ಚೀಟಿಯೇ ನಿಂಗಳ ವಕೀಲ°. ಹಸಿಗೆ ಹಸಿಯ ಕ್ರಯ ಹೇಳಿ. ಒಣಗುಸಿ ಮಾರ್ಲೆ ಎಡಿಗಾರೆ, ಮಕರ ತಿಂಗಳಿಲಿ ಕಡುದು, ಒಡದು, ಗಾಳಿ ಹೋಪ ಹಾಂಗೆ ಅಟ್ಟಿ ಮಡುಗಿ, ಪತ್ತನಾಜೆಂದ ಮದಲೇ ಕೊಟ್ಟಗೆ ಒಳ ಸೇರುಸಿ. ದಪ್ಪ ತುಂಡಿಂಗೆ ಒಂದು ವರ್ಷವೇ ಬೇಕು. ಮತ್ತೆ, ಮರ ಕಡಿವ ಮದಲು ಅರಣ್ಯ ಇಲಾಖೆಯ ಆಫೀಸಿಲಿ ಕೇಳಿಕ್ಕಿ. 1976ರ ಮರ ಸಂರಕ್ಷಣಾ ಕಾಯ್ದೆ ನಮ್ಮ ಸ್ವಂತ ಜಾಗೆಯ ಮರಕ್ಕೂ ಅನ್ವಯ ಆವ್ತು, ಎಲ್ಲ ಜಾತಿ ಮರಕ್ಕೆ ಒಂದೇ ನಿಯಮ ಅಲ್ಲ.

ತೆಕ್ಕೊಂಬ ಅಕ್ಕಂದ್ರೇ, ಲೋಡು ಬಪ್ಪಗ ಹಗಲೇ ಬರಲಿ ಹೇಳಿ. ಅಡಿಂದ ಎರಡು ತುಂಡು ಎಳದು ಒಂದಕ್ಕೊಂದು ಕುಟ್ಟಿ ನೋಡಿ. ಒಣಗಿದ್ದು ಟಣ್ಣನೆ ಹೇಳ್ತು, ಹಸಿ ದಬ್ಬನೆ ಹೇಳ್ತು. ಕೊಡಿಲಿ ಬಿರುಕು ಇದ್ದೋ ನೋಡಿ. ಒಂದರ ಒಡೆಶಿ ಒಳ ಮುಟ್ಟಿ ನೋಡಿ. "ಎಂತಕ್ಕೆ ಬೇಕು" ಹೇಳುದರ ಬಾಯಿ ಬಿಟ್ಟು ಹೇಳಿ, ಬಿಲ್ಲು ಕೇಳಿ. ಬಿಲ್ಲು ಕೊಡದ್ದದೂ ಒಂದು ತಪ್ಪೇ. ತೂಕಲ್ಲಿ ಕೊಡುವವನತ್ರೆ ತಕ್ಕಡಿಗೆ ಸೀಲು ಹಾಕಿದ್ದೋ ಕೇಳುಲೆ ನಾಚಿಕೆ ಬೇಡ. ಕೇಳಿದ ಹೆಮ್ಮಕ್ಕಳ "ಜೋರಿನದ್ದು" ಹೇಳುಗು, ಹೇಳಲಿ.

ಕೊಟ್ಟವ ಕೋಡಂಗಿ, ಈಸ್ಕೊಂಡವ ಈರಭದ್ರ ಹೇಳುವ ವ್ಯಾಪಾರ ನಮ್ಮ ನೆರೆಕರೆಲಿ ಸಾಕು. ಅತ್ತಿಗೆಗೆ ಇನ್ನೂ ಇಪ್ಪತ್ತು ಮರ ಬಾಕಿ ಇದ್ದು. ಈ ಸರ್ತಿ ಆ ಸೌದಿ ವ್ಯಾಪಾರಿಯ ಲಾರಿಗೆ ಹೋಪಲಾಗ. "ಹಸಿ ರಬ್ಬರು ಸೌದಿ, ಒಣಗುಸಿ ಹೊತ್ತುಸಿ" ಹೇಳಿ ಚೀಟಿ ಬರದು ಅದುವೇ ಮಾರಲಿ, ನಾವು ಸರಿಯಾದ ಕ್ರಯ ಕೊಟ್ಟು ತೆಕ್ಕೊಂಬ°. ಬೇಕಾದವು ಹೇಳಿ, ಆನು ಪಟ್ಟಿ ಮಾಡ್ತೆ.