ಗೈಡ್ ಹೇಳಿದ ಮೇಲೆ ಕೇಳಬೇಕಾದ ಪ್ರಶ್ನೆ

ಡಿಸೆಂಬರ್ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಶಾಲೆಗಳಲ್ಲಿ ಪ್ರವಾಸದ ಗದ್ದಲ ಶುರುವಾಗುತ್ತದೆ. ವರ್ಗದಲ್ಲಿ ನೋಟೀಸು ಓದುತ್ತಾರೆ. ಹುಡುಗರು ಹೆಸರು ಬರೆಸಿ ಮನೆಗೆ ಹೋಗಿ ರೊಕ್ಕಕ್ಕಾಗಿ ಗಂಟು ಬೀಳುತ್ತಾರೆ. ಒಂದು ದಿನದ ಪ್ರವಾಸವೆಂದರೆ ಬಹಳಷ್ಟು ಶಾಲೆಗಳಿಗೆ ಹೊಳೆಯುವುದು ಒಂದೇ ದಿಕ್ಕು: ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ, ಐಹೊಳೆ, ಪಟ್ಟದಕಲ್ಲು, ಬಾದಾಮಿಗಳ ಕಡೆಗೆ.

ದಿಕ್ಕು ಸರಿಯಾಗಿಯೇ ಇದೆ. ತಪ್ಪುವುದು ಲೆಕ್ಕ. ಹೋಗುವಾಗ ಆಲಮಟ್ಟಿ, ಕೂಡಲಸಂಗಮ, ನಂತರ ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ, ಬನಶಂಕರಿ ಎಂದು ಏಳು ಊರುಗಳನ್ನು ಒಂದೇ ದಿನಕ್ಕೆ ತುರುಕಿದರೆ ಮಕ್ಕಳು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ. ಮರುದಿನ ‘ಏನು ನೋಡಿದಿ?’ ಎಂದು ತಾಯಿ ಕೇಳಿದರೆ ‘ಗುಡಿ ನೋಡಿದೆ’ ಎಂಬಷ್ಟೇ ಉತ್ತರ. ಎರಡು ಮೂರು ದಿನದ ಕೂಲಿಯನ್ನು ಕೂಡಿಸಿಟ್ಟು ಕಳಿಸಿದ ಮನೆಗೆ ಅಷ್ಟು ಉತ್ತರ ಸಾಲದು.

ಆದ್ದರಿಂದ ಪಟ್ಟಿಯನ್ನು ಕತ್ತರಿಸುವುದು ಮೊದಲ ಕೆಲಸ. ಬೆಳಗು ಐಹೊಳೆಗೆ, ಮಧ್ಯಾಹ್ನ ಪಟ್ಟದಕಲ್ಲಿಗೆ, ಇವೆರಡೇ ಒಂದು ದಿನಕ್ಕೆ ಬೇಕಾದಷ್ಟಾಯಿತು. ಎರಡರ ನಡುವಿನ ದಾರಿ ಸುಮಾರು 14 ಕಿಲೋಮೀಟರ್. ಮುದ್ದೇಬಿಹಾಳ, ಬಾಗೇವಾಡಿಯವರಿಗೆ ದಾರಿ ಹತ್ತಿರ. ಇಂಡಿ, ಸಿಂದಗಿಯವರು ಕೋಳಿ ಕೂಗುವ ಮೊದಲೇ ಹೊರಡಬೇಕು.

ಎರಡನೆಯ ಕೆಲಸ ನೋಟ್‌ಬುಕ್ಕಿನದು. ಒಂದು ಹಾಳೆಯಲ್ಲಿ ಮೂರು ಕಲಮು ಗೆರೆ ಹಾಕಬೇಕು. ಮೊದಲನೆಯದರ ತಲೆಗೆ ‘ಕಲ್ಲಿನಲ್ಲಿ ಬರೆದದ್ದು’, ಎರಡನೆಯದಕ್ಕೆ ‘ಕಲ್ಲು ನೋಡಿ ತಿಳಿದದ್ದು’, ಮೂರನೆಯದಕ್ಕೆ ‘ಹಿರಿಯರು ಹೇಳುತ್ತ ಬಂದದ್ದು’. ಗೈಡ್ ಒಂದೊಂದು ಸಂಗತಿ ಹೇಳಿದಾಗಲೂ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದೇ: ‘ಕಾಕಾ, ಇದು ಹೆಂಗ ಗೊತ್ತಾತ್ರಿ?’ ಬಂದ ಉತ್ತರ ಯಾವ ಕಲಮಿಗೆ ಸೇರುತ್ತದೆ ಎಂದು ನೋಡಿ ಅಲ್ಲಿ ಬರೆದುಕೊಳ್ಳಬೇಕು. ಇದು ಗೈಡನನ್ನು ಪರೀಕ್ಷೆ ಮಾಡುವ ಮಾತಲ್ಲ. ದಿನಾಲೂ ಅದನ್ನೇ ಹೇಳಿ ಬೇಸತ್ತ ಮನುಷ್ಯನಿಗೆ ಒಬ್ಬ ಹುಡುಗ ಹೀಗೆ ಕೇಳಿದರೆ ಹುರುಪು ಬರುತ್ತದೆ. ‘ತಮ್ಮಾ, ಇಲ್ಲಿ ಬಾ, ತೋರಸ್ತೀನಿ’ ಎಂದು ಕೈಹಿಡಿದು ಒಯ್ಯುತ್ತಾನೆ.

ದಾರಿಯಲ್ಲೇ ಶುರುವಾಗುವ ಪಾಠ

ಪಾಠಕ್ಕೆ ಐಹೊಳೆಯವರೆಗೆ ಕಾಯಬೇಕಾಗಿಲ್ಲ. ಇಂಡಿ, ಸಿಂದಗಿಯ ಹೊಲಗಳ ಎರೆಮಣ್ಣಿನ ಕೆಳಗಿರುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಆರಿ ಗಟ್ಟಿಯಾದ ಬಸಾಲ್ಟ್ ಶಿಲೆ ಅದು. ವಿಜಯಪುರದ ಗೋಲಗುಮ್ಮಟದ ಗೋಡೆಗಳೂ ಇದೇ ಕರಿಕಲ್ಲಿನವು. ಬಸ್ಸು ಕೃಷ್ಣೆ ದಾಟಿ, ಹುನಗುಂದ ಹಿಂದೆ ಬಿದ್ದು, ಕರದಂಟಿಗೆ ಹೆಸರಾದ ಅಮೀನಗಡದಿಂದ ಐಹೊಳೆಯ ಕಡೆಗೆ ತಿರುಗಿದ ಮೇಲೆ ಗುಡ್ಡಗಳ ಬಣ್ಣ ಬದಲಾಗುತ್ತದೆ. ಕೆಂಪು, ಹಳದಿ, ಪದರು ಪದರಾದ ಕಲ್ಲು ಕಾಣಿಸುತ್ತದೆ. ಅದು ಮರಳುಗಲ್ಲು. ಬಸಾಲ್ಟಿಗಿಂತಲೂ ಬಹಳ ಹಿಂದೆ, ಹರಿಯುವ ನೀರು ತಂದು ಹಾಸಿದ ಉಸುಕು ಒತ್ತಡದಿಂದ ಗಟ್ಟಿಯಾಗಿ ಆದದ್ದು.

ಒಂದು ಸಣ್ಣ ಪ್ರಯೋಗ. ಊರಿನಿಂದ ಒಂದು ತುಂಡು ಕರಿಕಲ್ಲು ಕಿಸೆಯಲ್ಲಿ ಒಯ್ಯಬೇಕು. ದಾರಿಯ ಬದಿಗೆ ಬಿದ್ದ ಒಂದು ಚೂರು ಮರಳುಗಲ್ಲನ್ನು ಪಕ್ಕದಲ್ಲಿಟ್ಟು ಎರಡರ ಮೇಲೂ ಒಂದೊಂದು ಹನಿ ನೀರು ಹಾಕಬೇಕು. ಗಟ್ಟಿ ಕರಿಕಲ್ಲಿನ ಮೇಲೆ ಹನಿ ಹಾಗೇ ಕೂಡುತ್ತದೆ. ಮರಳುಗಲ್ಲಿನಲ್ಲಿ ಕಣಗಳ ನಡುವೆ ಸಂದಿ ಇರುವುದರಿಂದ ನೀರು ನಿಧಾನವಾಗಿ ಇಂಗುತ್ತದೆ. ಭೂತಗನ್ನಡಿ ಹಿಡಿದರೆ ಉಸುಕಿನ ಕಾಳುಗಳೂ ಕಾಣುತ್ತವೆ. ಉಳಿಗೆ ಸುಲಭವಾಗಿ ಒಗ್ಗುವ ಈ ಕಲ್ಲು ಕೈಯಳತೆಯಲ್ಲೇ ಇದ್ದದ್ದು ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಅನುಕೂಲವಾಯಿತು. ಆದರೆ ನೀರು ಕುಡಿಯುವ ಕಲ್ಲು ಕ್ರಮೇಣ ಸವೆಯುತ್ತದೆ ಕೂಡ. ಕೆಲವು ಶಿಲ್ಪಗಳ ಮೂಗು, ಮುಖ ಮಾಸಿರುವುದಕ್ಕೆ ಮನುಷ್ಯರ ಕೈ ಮಾತ್ರವಲ್ಲ, ಮಳೆಗಾಳಿಯೂ ಕಾರಣ.

ಐಹೊಳೆ: ಹೆಸರಿನ ಕಥೆಗಳು

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಇಲ್ಲಿ ಗೈಡ್ ಹೇಳುವ ಮೊದಲ ಕಥೆ ಬಹುಶಃ ಪರಶುರಾಮನದು. ಆತ ಕ್ಷತ್ರಿಯರನ್ನು ಸಂಹರಿಸಿ ಬಂದು ತನ್ನ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದ, ನೀರು ಕೆಂಪಾಯಿತು, ಕಂಡ ಹೆಂಗಸೊಬ್ಬಳು ‘ಅಯ್ಯೋ ಹೊಳಿ!’ ಎಂದಳು, ಅದೇ ಐಹೊಳೆಯಾಯಿತು ಎಂದು. ಕೇಳಲು ಸೊಗಸಾದ ಕಥೆ. ಇದು ಮೂರನೆಯ ಕಲಮಿಗೆ. ಕೆಂಪು ಬಣ್ಣವಂತೂ ಸುಳ್ಳಲ್ಲ. ಈ ಮರಳುಗಲ್ಲಿನಲ್ಲಿ ಕಬ್ಬಿಣದ ಆಕ್ಸೈಡ್ ಸೇರಿದೆ. ಹಳೆಯ ಕುಡುಗೋಲಿನ ಮೇಲೆ ಕೂಡುವ ತುಕ್ಕಿನ ಜಾತಿಯದೇ ಪದಾರ್ಥ. ಇದನ್ನು ಎರಡನೆಯ ಕಲಮಿನಲ್ಲಿ ಬರೆಯಬೇಕು. ಶಾಸನಗಳಲ್ಲಿ ಊರಿನ ಹೆಸರು ‘ಅಯ್ಯಾವೊಳೆ’. ಇಲ್ಲಿನ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ದಕ್ಷಿಣ ಭಾರತಕ್ಕೆಲ್ಲ ಹೆಸರಾಗಿತ್ತು. ಸುಮಾತ್ರಾ ದ್ವೀಪದಲ್ಲಿ ಸಿಕ್ಕ 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ. ಇದು ಮೊದಲ ಕಲಮಿಗೆ. ಒಂದೇ ಊರಿನ ಹೆಸರು ಮೂರು ಕಲಮುಗಳನ್ನೂ ತುಂಬಿತು.

ಮುಂದೆ ಲಾಡಖಾನ್ ಗುಡಿ. ಹಿಂದೂ ದೇವಾಲಯಕ್ಕೆ ಈ ಹೆಸರೇಕೆ ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಗುಡಿ ಪಾಳುಬಿದ್ದ ಕಾಲದಲ್ಲಿ ಅಲ್ಲಿ ವಾಸವಿದ್ದವನ ಹೆಸರು ಅದಕ್ಕೆ ಅಂಟಿಕೊಂಡಿತು, ಅಷ್ಟೇ. ಹಾಗೆಯೇ ದುರ್ಗ ಗುಡಿಯೂ ದುರ್ಗಾದೇವಿಯ ಗುಡಿಯಲ್ಲ. ಒಂದು ಕಾಲಕ್ಕೆ ಕೋಟೆಯ ಭಾಗವಾಗಿದ್ದುದರಿಂದ ‘ದುರ್ಗದ ಗುಡಿ’ ಎನಿಸಿತು. ಅದರ ಹಿಂಭಾಗ ಆನೆಯ ಬೆನ್ನಿನಂತೆ ಅರೆದುಂಡಾಗಿದೆ. ಸುತ್ತ ಕಂಬಗಳ ಪಡಸಾಲೆ ಇದೆ.

ಲಾಡಖಾನ್ ಗುಡಿಯಲ್ಲಿ ನಿಜವಾಗಿ ನೋಡಬೇಕಾದದ್ದು ಛತ್ತು. ಇಳಿಜಾರಾಗಿ ಹಾಸಿದ ಕಲ್ಲಿನ ಹಾಸುಗಳು, ಎರಡು ಹಾಸುಗಳು ಕೂಡುವ ಸಂದಿಯ ಮೇಲೆ ಉದ್ದುದ್ದ ದಿಮ್ಮಿಯಂಥ ಕಲ್ಲಿನ ಪಟ್ಟಿಗಳು. ಸಂದಿಯಿಂದ ಮಳೆನೀರು ಒಳಗಿಳಿಯದಂತೆ ಮಾಡಿದ ಉಪಾಯ ಅದು. ಆದರೆ ಆಕಾರ ಮಾತ್ರ ಕಟ್ಟಿಗೆಯದು. ಮೊದಲು ಕಟ್ಟಿಗೆಯಲ್ಲಿ ಮನೆ, ಮಂಟಪ ಕಟ್ಟಿ ಪಳಗಿದ ಕೈಗಳು ಕಲ್ಲಿಗೆ ಬಂದಾಗ ಹಳೆಯ ರೂಢಿಯನ್ನೂ ಜೊತೆಗೆ ತಂದವು ಎಂದು ತಿಳಿದವರು ಹೇಳುತ್ತಾರೆ. ಇದು ಎರಡನೆಯ ಕಲಮಿನ ಮಾತು: ಎಲ್ಲಿಯೂ ಬರೆದಿಲ್ಲ, ನೋಡಿ ತಿಳಿದದ್ದು.

ಇಂಥದ್ದು ಐಹೊಳೆಯಲ್ಲಿ ಮಾತ್ರ ನಡೆದದ್ದಲ್ಲ. ಗ್ರೀಸ್ ದೇಶದ ಅಥೆನ್ಸಿನಲ್ಲಿ ಪಾರ್ಥೆನಾನ್ ಎಂಬ ಅಮೃತಶಿಲೆಯ ಗುಡಿ ಇದೆ. ಅದರ ಕೆಲಸ ಶುರುವಾದದ್ದು ಕ್ರಿ.ಪೂ. 447ರಲ್ಲಿ. ಕಂಬಗಳ ಮೇಲಿನ ಸಾಲಿನಲ್ಲಿ ಉದ್ದುದ್ದ ಗೀರು ಹಾಕಿದ ಕಲ್ಲಿನ ಬಿಲ್ಲೆಗಳಿವೆ. ಹಿಂದಿನ ಕಟ್ಟಿಗೆಯ ಗುಡಿಗಳಲ್ಲಿ ತೊಲೆಯ ತುದಿಗಳು ಹೊರಚಾಚಿ ಕಾಣುತ್ತಿದ್ದವು, ಅವುಗಳ ಗುರುತೇ ಇದು ಎಂದು ರೋಮಿನ ವಿಟ್ರುವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ತನ್ನ ವಾಸ್ತುಗ್ರಂಥದಲ್ಲಿ ಬರೆದ. ಅಲ್ಲಿಗೂ ದಿನಾಲೂ ಗೈಡ್ ಸಮೇತ ಪ್ರವಾಸಿಗರ ತಂಡಗಳು ಹೋಗುತ್ತವೆ. ಅಮೀನಗಡದ ದಾರಿಯಲ್ಲಿ ಹೋದ ಹುಡುಗಿಗೂ ಅಥೆನ್ಸಿನ ಗುಡ್ಡ ಹತ್ತಿದ ಹುಡುಗಿಗೂ ಕಲ್ಲು ಹೇಳುವ ಪಾಠ ಒಂದೇ.

ಲೆಕ್ಕ ಮಾಡಿ ನೋಡುವ ಶಾಸನ

ಊರ ಪಕ್ಕದ ಗುಡ್ಡ ಹತ್ತಿದರೆ ಮೇಗುತಿ ಜಿನಾಲಯ. ಮಕ್ಕಳು ದಣಿದರೂ ಇದನ್ನು ಬಿಡಬಾರದು. ಇದರ ಗೋಡೆಯಲ್ಲಿ ರವಿಕೀರ್ತಿ ಎಂಬ ಕವಿ ಬರೆದ, ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಹೇಳುವ ಸಂಸ್ಕೃತ ಶಾಸನವಿದೆ. ಲಿಪಿ ಹಳಗನ್ನಡದ್ದು. ಹರ್ಷವರ್ಧನನ ಸೋಲಿನ ಸಂಗತಿ ಇದರಲ್ಲಿ ಬರುತ್ತದೆ. ಕಾಳಿದಾಸ, ಭಾರವಿಗಳ ಹೆಸರೂ ಇದೆ. ಆದ್ದರಿಂದಲೇ ಕಾಳಿದಾಸನು ಈ ಶಾಸನಕ್ಕಿಂತ ಈಚಿನವನಾಗಿರಲು ಸಾಧ್ಯವಿಲ್ಲವೆಂದು ಖಚಿತವಾಗಿ ಹೇಳಬಹುದು.

ಶಾಸನ ತನ್ನ ಕಾಲವನ್ನು ಎರಡು ರೀತಿಯಲ್ಲಿ ಹೇಳುತ್ತದೆ. ಶಕವರ್ಷ 556 ಎಂಬುದು ಒಂದು, ಭಾರತ ಯುದ್ಧದಿಂದ 3735 ವರ್ಷ ಎಂಬುದು ಇನ್ನೊಂದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ: 556 ಕೂಡಿಸು 78, ಅಂದರೆ 634. ಎರಡನೆಯದು ಕಲಿಯುಗದ ಎಣಿಕೆ. ಅದರಲ್ಲಿ 3101 ಕಳೆಯಬೇಕು: 3735ರಲ್ಲಿ 3101 ಹೋದರೆ ಮತ್ತೆ 634. ಎರಡು ದಾರಿಯಿಂದ ಹೋದರೂ ಉತ್ತರ ಒಂದೇ. ಗಣಿತದ ವರ್ಗದಲ್ಲಿ ತಾಳೆ ನೋಡುವುದೆಂದರೆ ಇದೇ ಅಲ್ಲವೇ? ಗುಡ್ಡದ ಮೇಲೆ ಕುಳಿತು ಹುಡುಗರೇ ಈ ಲೆಕ್ಕ ಮಾಡಿದರೆ 634 ಎಂಬ ಇಸವಿಯನ್ನು ಬಾಯಿಪಾಠ ಮಾಡುವ ಕಷ್ಟ ಉಳಿಯುವುದಿಲ್ಲ.

ಪಟ್ಟದಕಲ್ಲು: ಎರಡು ಶಿಖರ, ಇಬ್ಬರು ರಾಣಿಯರು

ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿ ಉಂಡು ಪಟ್ಟದಕಲ್ಲಿಗೆ ಬಂದರೆ ಅಲ್ಲಿ ಇನ್ನೊಂದು ಬಗೆಯ ಕೆಲಸ ಕಾದಿರುತ್ತದೆ. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಇದು. ಒಂದೇ ಅಂಗಳದಲ್ಲಿ ಎರಡು ಬಗೆಯ ಶಿಖರಗಳಿವೆ. ಗಳಗನಾಥ, ಕಾಶಿವಿಶ್ವನಾಥ ಗುಡಿಗಳ ಶಿಖರ ಬಾಗಿದ ಗೆರೆಯಲ್ಲಿ ಮೇಲೇರುತ್ತದೆ, ಅದು ಉತ್ತರದ ರೂಢಿ. ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅದು ದಕ್ಷಿಣದ್ದು. ಎರಡನ್ನೂ ಪಕ್ಕಪಕ್ಕದಲ್ಲಿ ಚಿತ್ರ ಬರೆಯಲು ಮಕ್ಕಳಿಗೆ ಅರ್ಧ ತಾಸು ಬಿಡಬೇಕು. ಕೈ ಬರೆಯುವಾಗ ಕಣ್ಣು ತಾನಾಗಿ ನೋಡುತ್ತದೆ. ಚಿತ್ರ ಚೆಂದ ಬರದಿದ್ದರೂ ನಡೆಯುತ್ತದೆ.

ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗಾಗಿ, 8ನೆಯ ಶತಮಾನದಲ್ಲಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಆತನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಇದೆಲ್ಲ ಶಾಸನಗಳಲ್ಲಿದೆ. ರಾಜರಾಣಿಯರ ಹೆಸರಿನ ಜೊತೆಗೆ ಗುಡಿ ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ ಅಲ್ಲಿ ಕೊರೆದಿದೆ, ಅವನಿಗೆ ಸಿಕ್ಕ ಬಿರುದಿನ ಸಮೇತ. ಹದಿಮೂರು ಶತಮಾನ ಸಮೀಪಿಸಿದರೂ ಒಬ್ಬ ಕೆಲಸಗಾರನ ಹೆಸರು ಉಳಿದುಬಂದಿದೆ. ಗೌಂಡಿ, ಬಡಿಗ, ಕಲ್ಲುಕುಟಿಗರ ಮನೆಯ ಮಕ್ಕಳಿಗೆ ಈ ಸಾಲನ್ನು ತಪ್ಪದೆ ತೋರಿಸಬೇಕು.

ಗುಂಡನ ಹೆಸರು ಉಳಿದದ್ದು ಅವನ ಕೆಲಸದಿಂದ. ಮೊಳೆ ಹಿಡಿದು ಕಂಬದ ಮೇಲೆ ತಮ್ಮ ಹೆಸರು ಗೀಚುವವರು ಉಳಿಸಿಹೋಗುವುದು ಗಾಯವನ್ನು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕಾಯ್ದೆಯ ಭಯಕ್ಕಿಂತ ಮುಖ್ಯವಾದ ಮಾತು ಮರಳುಗಲ್ಲಿನದು. ನೀರು ಇಂಗುವ ಕಲ್ಲಿನಲ್ಲಿ ಪ್ರತಿ ಗೀರೂ ಮಳೆನೀರಿಗೆ ಹೊಸ ಬಾಗಿಲು. ಬೆಳಗಿನ ಹನಿಯ ಪ್ರಯೋಗ ನೋಡಿದ ಹುಡುಗನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪಾಲಕರಿಗೆ

ಮಗನ ಹೆಸರು ಬರೆಸಿ ಮಗಳದನ್ನು ಬಿಡುವ ಮನೆಗಳು ಇನ್ನೂ ಇವೆ. ರೊಕ್ಕದ ಅಡಚಣೆ ಒಂದಾದರೆ ‘ಹೆಣ್ಣುಹುಡುಗಿ, ದೂರದ ದಾರಿ’ ಎಂಬ ಅಂಜಿಕೆ ಇನ್ನೊಂದು. ಜೊತೆಗೆ ಯಾವ ಅಕ್ಕೋರು ಬರುತ್ತಾರೆ, ಬಸ್ಸು ಎಷ್ಟು ಗಂಟೆಗೆ ಮರಳುತ್ತದೆ, ಶೌಚಾಲಯದ ವ್ಯವಸ್ಥೆ ಎಲ್ಲಿ ಎಂದು ಪಾಲಕರು ಶಾಲೆಗೆ ಹೋಗಿ ಧಾರಾಳವಾಗಿ ಕೇಳಬಹುದು. ಕೇಳಿ ಕಳಿಸುವುದು ಕಳಿಸದೆ ಇರುವುದಕ್ಕಿಂತ ಒಳ್ಳೆಯದು. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇಲಾಖೆಯ ಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ. ಆ ದಿನ ಬಿಟ್ಟು ಹೋಗುವುದು ಜಾಣತನ. ಏಳು ಊರುಗಳ ಬದಲು ಎರಡೇ ಊರು ನೋಡಿದರೆ ಡೀಸೆಲ್ ಖರ್ಚು ಇಳಿದು ತಲಾ ವಂತಿಗೆಯೂ ಕಡಿಮೆಯಾಗುತ್ತದೆ. ರೊಕ್ಕ ಕೊಡಲಾಗದ ಒಂದೆರಡು ಮಕ್ಕಳನ್ನು ಅದರಲ್ಲೇ ಸಂಬಾಳಿಸಬಹುದು.

ಅಷ್ಟೂ ಸಾಧ್ಯವಾಗದ ವರ್ಷ ಇಂಡಿ ತಾಲ್ಲೂಕಿನ ಸಾಲೋಟಗಿ ಇದ್ದೇ ಇದೆ. ಅಲ್ಲಿನ ಕಂಬದ ಶಾಸನ ಶಕವರ್ಷ 867ರದು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಊರಿನ ಆಗಿನ ಹೆಸರು ಪಾವಿಟ್ಟಗೆ. ರಾಜನ ಮಂತ್ರಿ ನಾರಾಯಣ ಇಲ್ಲೊಂದು ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ವಸತಿಗೃಹಗಳಿದ್ದವು. ದೀಪದ ಎಣ್ಣೆಯ ಖರ್ಚಿಗೆಂದೇ ಹೊಲ ಬಿಟ್ಟಿದ್ದರು. ಮದುವೆ, ಮುಂಜಿವೆಗಳಾದಾಗ ಮನೆಯವರು ಶಾಲೆಗೆ ಇಷ್ಟು ಕೊಡಬೇಕೆಂಬ ಕಟ್ಟಳೆಯೂ ಇತ್ತು. ‘ಶಾಲಾ ಪಾವಿಟ್ಟಗೆ’ಯೇ ಸವೆದು ಸಾಲೋಟಗಿ ಆಯಿತೆಂದು ವಿದ್ವಾಂಸರು ಹೇಳುತ್ತಾರೆ.

ಈ ಸಂಗತಿಗಳಲ್ಲಿ ಯಾವುದು ಯಾವ ಕಲಮಿಗೆ ಸೇರುತ್ತದೆ, ಶಕವರ್ಷ 867 ಎಂದರೆ ಕ್ರಿಸ್ತಶಕ ಎಷ್ಟು ಎಂಬುದನ್ನು ಐಹೊಳೆಗೆ ಹೋಗಿಬಂದ ಮಕ್ಕಳು ಉಳಿದವರಿಗೆ ಹೇಳಿಕೊಡಲಿ. ಆಗ ಗೈಡ್ ಬೇಕಾಗುವುದಿಲ್ಲ.